ಅಮಸಿದ್ದ ಕೈ ಎತ್ತಿದ ಸಭೆ

ಇಂಡಿ ಪಟ್ಟಣದ ಬಜಾರದಲ್ಲಿ ಹಮಾಲರ ಸಂಘ ಕಟ್ಟಿದವನು ಅಮಸಿದ್ದ. ಮುಷ್ಕರ ಹೂಡಿ, ಪೊಲೀಸ್ ಠಾಣೆಯ ಕಟ್ಟೆ ಸವೆಸಿ, ಎಪ್ಪತ್ನಾಲ್ಕನೇ ಇಸವಿಯಲ್ಲಿ ಪುರಸಭೆಗೆ ಆರಿಸಿ ಬಂದ. ಮೆಂಬರ್ ಆದ ಮೇಲೂ ಚೀಲ ಹೊರುವುದನ್ನು ಬಿಡಲಿಲ್ಲ. ಪುರಸಭೆಯೇನು ರೊಟ್ಟಿ ತಟ್ಟಿ ಹಾಕುತ್ತದೆಯೇ?

ಸಂಘಕ್ಕೆ ಅವನೇ ಮಾಡಿದ ಕಾಯ್ದೆ ಎರಡು. ಜೊತೆಯವ ‘ಕೈ ಹಚ್ಚು’ ಎಂದು ಕರೆದರೆ ಇಲ್ಲ ಎನ್ನುವಂತಿಲ್ಲ. ಬೆನ್ನಿಗೇರಿದ ಚೀಲವನ್ನು ಮಾಲಕ ಜಾಗ ತೋರಿಸುವವರೆಗೆ ಇಳಿಸುವಂತಿಲ್ಲ. ಕಂಡಲ್ಲಿ ಇಳಿಸಿದರೆ ಮಾಲು ಕೆಟ್ಟಿತೆಂದು ಮಾಲಕರು ಕೂಲಿ ಮುರಿದುಕೊಳ್ಳುತ್ತಿದ್ದರು.

ಆ ವರ್ಷ ಊರಿಗೆ ನಳದ ಪೈಪು ಒಂದೇ ಮಂಜೂರಾಗಿತ್ತು. ಅದು ಹಮಾಲರ ಓಣಿಗೆ ಬರಬೇಕೋ, ದಲಾಲಿ ಅಂಗಡಿಯ ಗುರಪ್ಪನ ಹೊಸ ಗೋದಾಮಿನ ಕಡೆ ಹೋಗಬೇಕೋ ಎಂಬುದನ್ನು ಮೆಂಬರುಗಳು ಕೈ ಎತ್ತಿ ತೀರ್ಮಾನಿಸಬೇಕಿತ್ತು. ಗುರಪ್ಪನೂ ಮೆಂಬರ್. ಎರಡೂ ಕಡೆ ಸರಿಸಮ ಇದ್ದರು. ಅಮಸಿದ್ದನ ಕೈಯೊಂದೇ ಹೆಚ್ಚಿನದು. ಅದಿಲ್ಲದೆ ಸಮವಾದರೆ ಅಧ್ಯಕ್ಷರ ಮತ ಗೋದಾಮಿಗೇ ಎಂಬುದು ಊರಿಗೆಲ್ಲ ಗೊತ್ತಿತ್ತು.

“ಬರಿಗೈಲೆ ಬಂದ್ರಿ ಅಂದ್ರ ನೋಡ್ರಿ, ನಾಳಿಂದ ಸವಳ ನೀರಿನ ಬಾಂವಿಗಿ ಕೊಡಾ ತಗೊಂಡು ನೀವ ಹೋಗಬೇಕು,” ಎಂದಳು ಹೆಂಡತಿ ಸಾತವ್ವ. ಹೊತ್ತು ಹೊತ್ತು ಅವಳ ಸೊಂಟ ಸೋತಿತ್ತು, ನಾಲಿಗೆ ಸೋತಿರಲಿಲ್ಲ.

ಅಮಸಿದ್ದ ಇಸ್ತ್ರಿಯ ಧೋತರ ಉಟ್ಟು ಹೊರಟ. ಪುರಸಭೆಯ ಎದುರಿಗೇ ಗುರಪ್ಪನ ಶೇಂಗಾ ಲಾರಿ ನಿಂತಿತ್ತು. ಗೋದಾಮು ಬಿಟ್ಟು ಇಲ್ಲೇಕೆ ನಿಂತಿದೆ ಎಂದು ಕೇಳುವ ಬುದ್ಧಿ ಅವನಿಗಿತ್ತು, ಪುರುಸೊತ್ತಿರಲಿಲ್ಲ. ಲಾರಿಯ ಮೇಲೆ ಸಂಘದ ಗೈಬುಸಾಬ ಒಬ್ಬನೇ ಪಾಪ ಚೀಲ ಎಳೆಯುತ್ತಿದ್ದ.

“ಅಣ್ಣಾ, ಒಂದೀಟು ಕೈ ಹಚ್ಚೋ. ಮಾಲಕರು ಈಗಿಂದೀಗ ಖಾಲಿ ಮಾಡು ಅಂದಾರ.”

“ಸಭಾ ಐತೋ ಮಾರಾಯ!”

“ಹಂಗಾರ ಕಾಯ್ದೆ ಮೆಂಬರಗೋಳಿಗಿ ಇಲ್ಲೇನು?”

ಬೇಕಿತ್ತೇ ಇವನಿಗೆ ಕಾಯ್ದೆ! ಅಮಸಿದ್ದ ಹಲ್ಲು ಕಡಿಯುತ್ತ ಬೆನ್ನು ಕೊಟ್ಟ. ಚೀಲ ಏರಿತು.

“ಎಲ್ಲಿ ಇಳಸಲಿ?”

“ಅದನ್ನ ಹೇಳಿಲ್ಲಪಾ. ಮಾಲಕರು ಒಳಗ ಸಭಾಕ್ಕ ಹೋಗ್ಯಾರ.”

ಗುರಪ್ಪನ ಕಿತಾಪತಿ ಆಗ ತಿಳಿಯಿತು. ಇವನು ತನ್ನ ಕಾಯ್ದೆಯಲ್ಲೇ ಸಿಕ್ಕಿಬಿದ್ದು ಬೀದಿಯಲ್ಲಿ ನಿಂತಿರಲಿ, ಅಷ್ಟರಲ್ಲಿ ಪೈಪು ಗೋದಾಮಿಗೆ ಹೋಗಲಿ! ಅಮಸಿದ್ದನಿಗೆ ಸಿಟ್ಟು ನೆತ್ತಿಗೇರಿತು. ಆಮೇಲೆ ನಗು ಬಂತು. “ತಡಿ, ಮಾಲಕರನ್ನ ಕೇಳೇ ಬರ್ತೇನಿ,” ಎಂದು ಚೀಲದ ಸಮೇತ ಪುರಸಭೆಯ ಮೆಟ್ಟಿಲು ಹತ್ತಿದ.

ಒಳಗೆ ಗೋದಾಮಿನ ಪರ ಎತ್ತಿದ ಕೈಗಳನ್ನು ಎಣಿಸಿ ಮುಗಿದಿತ್ತು. “ಹಮಾಲರ ಓಣಿಗಿ ಅನ್ನಾವ್ರು ಕೈ ಎತ್ತರಿ,” ಎಂದು ಅಧ್ಯಕ್ಷರು ಹೇಳುತ್ತಿರುವಾಗ ಚೀಲವೊಂದು ಬಾಗಿಲಲ್ಲಿ ಕಾಣಿಸಿತು. ಅದರ ಕೆಳಗೆ ಅಮಸಿದ್ದ.

“ಮಾಲಕರ, ಎಲ್ಲಿ ಇಳಸಲ್ರಿ?”

ಗುರಪ್ಪ ಬೆಚ್ಚಿದರೂ ಕೂಡಲೇ ಮೀಸೆಯಲ್ಲಿ ನಕ್ಕ. “ಗೋದಾಮಿನ್ಯಾಗ. ಈಗ ನಡಿ.”

ಗೋದಾಮು ಇದ್ದದ್ದು ಊರಾಚೆ. ಅಮಸಿದ್ದ ಎರಡೂ ಕೈಯಿಂದ ಚೀಲವನ್ನು ಬೆನ್ನ ಮೇಲೆ ಬಿಗಿಹಿಡಿದ. ತಾನೇ ಹಾಕಿಕೊಟ್ಟ ಕಾಯ್ದೆ ಅದು, ಅದಕ್ಕಾಗಿ ಲಾಠಿ ಏಟು ತಿಂದವನೂ ತಾನೇ. ಆಮೇಲೆ ಮೇಜಿಗೆ ಬೆನ್ನು ಮಾಡಿ, ಚೀಲ ಹಿಡಿದಿದ್ದ ಬಲಗೈಯನ್ನು ನೆಟ್ಟಗೆ ಮೇಲೆತ್ತಿದ.

ಚೀಲ ಧಡಲ್ಲೆಂದು ಮೇಜಿನ ಮೇಲೆ ಬಿದ್ದು ಒಡೆಯಿತು. ಶೇಂಗಾ ಎಲ್ಲರ ಮಡಿಲು ತುಂಬಿತು. ಅಧ್ಯಕ್ಷರು ಒಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡೇ ಕೈ ಎಣಿಸಿದರು. ಹಮಾಲರ ಓಣಿಗೆ ಒಂದು ಹೆಚ್ಚು.

“ಕಾಯ್ದೆ ಮುರದಿ!” ಗುರಪ್ಪ ಎದ್ದು ಚೀರಿದ. “ನಿನ್ನ ಕಾಯ್ದೆ ನೀನ ಮುರದಿ!”

“ಹೌದ್ರಿ ಮಾಲಕರ, ಮುರದೇನಿ. ನನ್ನ ಕೂಲಿ ನೀವ ಇಟಗೋರಿ. ನೀರು ನಾವು ಒಯ್ತೇವಿ,” ಎಂದ ಅಮಸಿದ್ದ. ಎತ್ತಿದ ಕೈಯನ್ನು ಅವನು ಇನ್ನೂ ಇಳಿಸಿರಲಿಲ್ಲ.