ಬಾರೇ ಅಲ್ಲ, ಬಾರೋ

ವಾರವಾರ ಬರುವವರು ಇದ್ದಕ್ಕಿದ್ದಂತೆ ಬರುವುದನ್ನು ಬಿಟ್ಟರೆ ಯಾರಿಗಾದರೂ ಜೀವ ಚುರ್ ಎನ್ನುತ್ತದೆ. ದೊಡ್ಡಕ್ಕನಿಗೂ ಹಾಗೇ ಆಗಿತ್ತು.

ಆಕೆಯ ಹೊಲಿಗೆ ಅಂಗಡಿಯ ಮಹಡಿಯಲ್ಲಿ, ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳು ಭಾನುವಾರ ಸೇರುತ್ತಿದ್ದರು. ಹೊರಗೆ ಬಾಯಿಬಿಡಲಾಗದ್ದನ್ನು ಅಲ್ಲಿ ಆಡಿ ಹಗುರಾಗುತ್ತಿದ್ದರು. ಈಗ ಬರುವುದನ್ನು ಬಿಟ್ಟ ಬೈಕ್ ಮೆಕ್ಯಾನಿಕ್ ಕೂಡ ಅಲ್ಲಿಯವನೇ. ಮನೆಯವರು ಹೊರಗೆ ಹಾಕಿದಾಗ ಆ ಮಹಡಿಯಲ್ಲೇ ಮಲಗಿದ್ದವನು. ಮನೆಯವರು ಹೆಣ್ಣೆಂದೇ ಬೆಳೆಸಿದ್ದ ಅವನನ್ನು ಎಲ್ಲರೂ ತಂಗಿ ಎನ್ನುತ್ತಿದ್ದರು. ಗಂಡಿನ ದನಿ, ಗಡ್ಡ ಬರಿಸುವ ಹಾರ್ಮೋನ್ ಚಿಕಿತ್ಸೆ ಶುರುವಾಗಿ ದನಿ ಒಡೆದ ಮೇಲೆ ಒಂದು ಭಾನುವಾರ ಅವನು ಎದ್ದು ನಿಂತ.

“ನಾನು ಗಂಡು. ಒಳಗೆ ಯಾವತ್ತೂ ಹಾಗೇ ಇದ್ದೆ. ತಮ್ಮ ಅಂತ ಕರೀತೀರಾ?”

ದೊಡ್ಡಕ್ಕ ಅವನ ಕೆನ್ನೆ ಸವರಿದಳು. “ಏನೇ ಆಗು, ನೀನು ನಮ್ಮ ಹುಡುಗೀನೇ ಕಣೇ. ಬಾರೇ, ಊಟ ಮಾಡು.”

ಅವತ್ತು ಎದ್ದು ಹೋದವನು ತಿರುಗಿ ಬರಲಿಲ್ಲ.

“ನಾನೇನು ಬೈದ್ನಾ? ಮುದ್ದು ಮಾಡ್ದೆ!” ದೊಡ್ಡಕ್ಕ ಗೆಳತಿ ನರ್ಸಮ್ಮನ ಮುಂದೆ ಅತ್ತಳು.

“ಮುದ್ದು ಮಾಡ್ದೆ, ಆದ್ರೆ ಅವನ ಮಾತು ಕಿವಿಗೆ ಹಾಕ್ಕೊಳ್ಲಿಲ್ಲ.”

“ಗಂಡಸು ಅಂದ್ಮೇಲೆ ಹೆಂಗಸರ ಮಧ್ಯೆ ಏನು ಕೆಲಸ? ಹುಡುಗಿ ಅಂದ್ರೆ ತಾನೇ ಜೊತೇಲಿ ಇಟ್ಕೊಳ್ಳೋಕಾಗೋದು?”

“ನಿಮ್ಮಮ್ಮನೂ ಪ್ರೀತಿಯಿಂದಾನೇ ಅಂದಿದ್ರು, ಮದುವೆ ಮಾಡಿದ್ರೆ ಸರಿ ಹೋಗ್ತೀಯ ಅಂತ. ನಿನಗೆ ಹೇಗಾಗಿತ್ತು?”

ದೊಡ್ಡಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನರ್ಸಮ್ಮ ಮುಂದುವರಿಸಿದಳು.

“ಗಂಡು ಅಂದ ಕೂಡ್ಲೇ ಅವನು ಇಲ್ಲಿ ಬದುಕಿದ್ದೆಲ್ಲ ಅಳಿಸಿ ಹೋಗತ್ತಾ ಅಕ್ಕಾ? ಕೆಲವ್ರಿಗೆ ಬೇರೆ ಜಾಗ ಬೇಕಾಗತ್ತೆ, ಕೆಲವ್ರಿಗೆ ಇದೇ ತವರು. ಅವನಿಗೆ ಯಾವ್ದು ಅಂತ ಅವನನ್ನೇ ಕೇಳು.”

ಮರುದಿನ ದೊಡ್ಡಕ್ಕ ಗ್ಯಾರೇಜಿಗೆ ಹೋದಳು. ಗಿರಾಕಿಗಳಿದ್ದರು, ಅವರಿಗೆ ಅವನ ಹಿಂದಿನ ಕಥೆ ಗೊತ್ತಿಲ್ಲ. ‘ಏನೇ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ಅವರೆಲ್ಲ ಹೋಗುವ ತನಕ ಬೆಂಚಿನ ಮೇಲೆ ಕಾದು ಕುಳಿತಳು.

“ತಮ್ಮಾ...”

ಅವನ ಕೈಯ ಸ್ಪ್ಯಾನರ್ ನಿಂತಿತು.

“ತಂಗೀನ ಕಳ್ಕೊಂಡೆ ಅನ್ನಿಸ್ತು ಕಣೋ. ಆ ಸಂಕಟದಲ್ಲಿ ನೀನು ಹೇಳಿದ್ದು ಕೇಳಿಸ್ಲೇ ಇಲ್ಲ. ತಪ್ಪಾಯ್ತು. ಬರೋಕೆ ಮನಸ್ಸಿದ್ಯಾ? ಬರದಿದ್ರೂ ನೀನು ನನ್ನ ತಮ್ಮಾನೇ.”

ಅವನು ಗ್ರೀಸ್ ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡ. “ಗಡ್ಡ ಬಂದ್ಮೇಲೆ ಬೀದೀಲಿ ಯಾರೂ ಗುರಾಯಿಸಲ್ಲ ಅಕ್ಕ. ಆದ್ರೆ ನಾನು ಪಟ್ಟಿದ್ದೆಲ್ಲ ಗೊತ್ತಿರೋರು ನೀವೇ ಅಲ್ವಾ? ನಿಮ್ಮನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?”

“ಹಾಗಿದ್ರೆ ಬಾರೋ, ಮೊದ್ಲು ಮುಖ ತೊಳ್ಕೋ, ಮಸಿಮೂತಿ!”

ಇಬ್ಬರೂ ನಕ್ಕರು.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಗುಂಪಿನಲ್ಲೂ ಹೀಗೆ ದೂರವಾದವರು ಇರಬಹುದು. ಅವರು ಯಾರೆಂದು ಅವರ ಬಾಯಿಂದಲೇ ಕೇಳಿ. ಅವರು ಹೇಳಿದಂತೆಯೇ ಕರೆಯಿರಿ. ಅವರ ಕಥೆಯನ್ನು ಅವರನ್ನು ಕೇಳದೆ ಇನ್ನೊಬ್ಬರಿಗೆ ಹೇಳಬೇಡಿ. ಅವರು ಬರಲಿ ಎಂದು ಕಾಯುತ್ತ ಕೂರಬೇಡಿ, ಇವತ್ತೇ ನೀವೇ ಹೋಗಿ ಮಾತಾಡಿಸಿ.