ಚಂದ್ರಿಕಾ ವಾರ್ಡ್ ಬಿಡಲಿಲ್ಲ

ಹೆಗ್ಗದ್ದೆಯಲ್ಲಿ ಯಾರಿಗಾದರೂ ಜ್ವರ ಏರಿದರೆ, ಮೆಣಸು ಕುಯ್ಯುವ ಏಣಿಯಿಂದ ಯಾರಾದರೂ ಬಿದ್ದರೆ, ಜನ ಮೊದಲು ಕೂಗುವುದು ಚಂದ್ರಿಕಾಳನ್ನು. ಅದೇ ಜನ ಬೆಳಗ್ಗೆ ಅವಳು ಬಸ್ಸಿಗೆ ಕಾಯುತ್ತ ನಿಂತಾಗ, "ಇನ್ನೂ ಅದೇ ಕೆಲ್ಸುಕ್ಕೆ ಹೋಗ್ತಿದ್ದೀಯೇನವ್ವ?" ಎಂದು ಮುಖ ಸಿಂಡರಿಸಿಕೊಂಡು ಕೇಳುತ್ತಿದ್ದರು.

ಅದೇ ಕೆಲಸ ಅಂದರೆ ಸಕಲೇಶಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಕೆಲಸ. ಹಾಸಿಗೆ ಹಿಡಿದವರ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ತುತ್ತು ತಿನ್ನಿಸುವುದು, ಮೂತ್ರದ ಚೀಲ ಖಾಲಿ ಮಾಡಿ ಎಷ್ಟು ಬಂತೆಂದು ಬರೆದಿಡುವುದು. ಐದು ವರ್ಷದಿಂದ ಅವಳು ಇದನ್ನೇ ಮಾಡುತ್ತಿದ್ದಳು.

ಅತ್ತೆ ಭೂತಮ್ಮನಿಗೆ ಇದು ಸುತರಾಂ ಹಿಡಿಸುತ್ತಿರಲಿಲ್ಲ. "ಪಿಯುಸಿ ಪಾಸಾದೋಳು ಹೋಗಿ ಊರೋರ ಉಚ್ಚೆ ಚೆಲ್ತಾಳೆ. ನೆಂಟರು ಕೇಳುದ್ರೆ ನಾನು ಏನಂತ ಹೇಳ್ಲಿ?" ಎನ್ನುತ್ತಿದ್ದಳು. ಗಂಡ ಧರ್ಮ ಎಸ್ಟೇಟಿನ ಜೀಪು ಓಡಿಸುವವನು. ಅವನದು ಅತ್ತಲೂ ಇಲ್ಲ, ಇತ್ತಲೂ ಇಲ್ಲ. "ನಿಂಗೆ ಎಂಗೆ ಬೇಕೋ ಅಂಗೆ ಮಾಡು" ಎಂದು ಸುಮ್ಮನಾಗುತ್ತಿದ್ದ.

ಈ ವರ್ಷ ಕಾಫಿ ಕುಯ್ಲು ಶುರುವಾಗುವ ಹೊತ್ತಿಗೆ ಚಂದ್ರಿಕಾಗೂ ಸಾಕಾಗಿತ್ತು. ಭಾರದ ರೋಗಿಗಳನ್ನು ಒಬ್ಬಳೇ ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಿತ್ತು. ಆಗಲೇ ಎಸ್ಟೇಟಿನ ಮಾಲೀಕ ಮಂಜುನಾಥ್ ಧರ್ಮನ ಕೈಲಿ ಹೇಳಿ ಕಳಿಸಿದರು. ಸ್ಟೋರಿನಲ್ಲಿ ಕಾಫಿ ಹಣ್ಣಿನ ತೂಕ ಬರೆಯಲು ಜನ ಬೇಕು, ಚಂದ್ರಿಕಾ ಬರುವುದಾದರೆ ಈ ತಿಂಗಳೊಳಗೆ ತಿಳಿಸಲಿ ಎಂದು. ಮನೆಯಿಂದ ಹತ್ತು ನಿಮಿಷದ ದಾರಿ. ಕುರ್ಚಿ ಮೇಲೆ ಕೂತು ಮಾಡುವ ಕೆಲಸ.

"ದೇವ್ರೇ ಕಣ್ಬುಟ್ಟ" ಎಂದಳು ಭೂತಮ್ಮ. ಚಂದ್ರಿಕಾ ಕೂಡ ಹೂಂ ಅಂದುಬಿಡೋಣ ಎಂದುಕೊಂಡಳು.

ಆ ವಾರ ವಾರ್ಡಿನಲ್ಲಿ ಬಿಸಿಲೆ ಕಡೆಯ ವಿಶಾಲಮ್ಮ ಎಂಬ ಹೆಂಗಸು ಇದ್ದರು. ಅರವತ್ತೆರಡು ವರ್ಷ. ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಬಲು ಮಾತುಗಾತಿ. ತೋಟದ ವಿಷಯ, ಮನೆಯ ಕೋಳಿ ವಿಷಯ, ಬಸ್ ಕಂಡಕ್ಟರನ ಮದುವೆ ವಿಷಯ ಎಲ್ಲ ಮಾತಾಡುವರು. ಚಂದ್ರಿಕಾಳನ್ನು "ಮಗಾ" ಎಂದೇ ಕರೆಯುವರು.

ಆಪರೇಷನ್ ಆದ ನಾಲ್ಕನೇ ದಿನ ಮಧ್ಯಾಹ್ನ ಚಂದ್ರಿಕಾ ಅವರ ಮೂತ್ರದ ಚೀಲ ಖಾಲಿ ಮಾಡಲು ಬಗ್ಗಿದಳು. ಚೀಲದಲ್ಲಿ ತಳ ಮುಚ್ಚುವಷ್ಟೂ ಇರಲಿಲ್ಲ. ಬಣ್ಣವೂ ಕಪ್ಪಗಾಗಿತ್ತು. ಮುಟ್ಟಿ ನೋಡಿದರೆ ಕೈ ತಣ್ಣಗಿತ್ತು. ಉಸಿರು ಬಿರುಸಾಗಿತ್ತು. ವಿಶಾಲಮ್ಮ ಕಣ್ಣು ತೆರೆದು, "ಕೆಂಚಮ್ಮಾ, ಕಣದಾಗಿರೋ ಮೆಣಸು ಒಳಿಕ್ಕೆ ತಂದ್ಯೇನೇ?" ಎಂದರು. ಕೆಂಚಮ್ಮ ಅವರ ತೋಟದ ಆಳು.

ಪಕ್ಕದಲ್ಲಿ ಕೂತಿದ್ದ ಮಗ ಲೋಹಿತ್ ನಕ್ಕ. "ನಿದ್ದೆಗಣ್ಣಲ್ಲಿ ಏನೋ ಅಂತಾವ್ರೆ ಬುಡಿ" ಎಂದ.

ಚಂದ್ರಿಕಾ ನಗಲಿಲ್ಲ. ಡ್ಯೂಟಿಯಲ್ಲಿದ್ದ ನರ್ಸ್ ಚೈತ್ರಶ್ರೀ ಬಳಿಗೆ ಓಡಿದಳು. ಹೊಸದಾಗಿ ದಾಖಲಾದ ರೋಗಿಗೆ ಡ್ರಿಪ್ ಹಾಕುತ್ತಿದ್ದ ಅವಳು, "ನೀರು ಕಮ್ಮಿ ಕುಡಿದಿರ್ಬೇಕು, ಆಮೇಲೆ ನೋಡ್ತೀನಿ" ಎಂದಳು.

ಚಂದ್ರಿಕಾ ಹಿಂದಿರುಗಿ ನಾಲ್ಕು ಹೆಜ್ಜೆ ಬಂದಳು. ಮನಸ್ಸು ಒಪ್ಪಲಿಲ್ಲ. ಮತ್ತೆ ಹೋಗಿ ನಿಂತಳು. "ಸಿಸ್ಟರ್, ಆಮೇಲೆ ಬೇಡ. ಈಗ್ಲೇ ಬನ್ನಿ. ಬೆಳಗ್ಗೆ ಮಗಾ ಮಗಾ ಅಂತ ಮಾತಾಡಿದೋರು ಈಗ ನನ್ನ ಗುರುತು ಹಿಡೀತಿಲ್ಲ" ಎಂದಳು. ಜಾಗ ಬಿಟ್ಟು ಕದಲಲಿಲ್ಲ.

ಚೈತ್ರಶ್ರೀ ಬಂದು ಬಿಪಿ ನೋಡಿದಳು. ತೀರಾ ಇಳಿದಿತ್ತು. ಅವಳ ಮುಖವೇ ಬದಲಾಯಿತು. ಐದು ನಿಮಿಷದಲ್ಲಿ ಡಾಕ್ಟರ್ ಬಂದರು. ಸೋಂಕು ರಕ್ತಕ್ಕೆ ಸೇರತೊಡಗಿತ್ತು. ಔಷಧಿ ಶುರುವಾಯಿತು. ಹಾಸನಕ್ಕೆ ಕಳಿಸಬೇಕಾದೀತೆಂದು ಆಂಬುಲೆನ್ಸನ್ನೂ ಬಾಗಿಲಿಗೆ ತಂದು ನಿಲ್ಲಿಸಿದರು. ಕಳಿಸುವ ಅಗತ್ಯ ಬೀಳಲಿಲ್ಲ. ಮಾರನೇ ದಿನ ವಿಶಾಲಮ್ಮ ಕಣ್ಣು ಬಿಟ್ಟು, "ಮಗಾ, ಒಂದ್ ಲೋಟ ಕಾಫಿ ಸಿಕ್ತದಾ?" ಎಂದರು. ಚಂದ್ರಿಕಾ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

"ಇನ್ನೆರಡು ಗಂಟೆ ತಡ ಆಗಿದ್ರೆ ಕಷ್ಟ ಇತ್ತು" ಎಂದು ಡಾಕ್ಟರ್ ಎಲ್ಲರೆದುರು ಹೇಳಿದರು. ಚೈತ್ರಶ್ರೀಯೂ ಬಂದು ಅವಳ ಕೈ ಹಿಡಿದುಕೊಂಡಳು. "ಎರಡನೇ ಸಲ ಬಂದು ಕರೆದ್ಯಲ್ಲ, ಅದು ದೊಡ್ಡದು" ಎಂದಳು.

ಊಟದ ಹೊತ್ತಿಗೆ ಹಿರಿಯ ನರ್ಸ್ ಸುಮಿತ್ರಮ್ಮ ಚಂದ್ರಿಕಾಳ ಪಕ್ಕ ಬಂದು ಕೂತರು. ಆಲೂರಿನವರು, ಮೂವತ್ತು ವರ್ಷ ವಾರ್ಡಿನಲ್ಲೇ ಕಳೆದವರು.

"ಕೆಲ್ಸ ಬುಡ್ತೀಯಂತೆ, ಹೌದೇನೇ?"

"ಸಾಕಾಗೈತೆ ಸಿಸ್ಟರ್. ಸೊಂಟ ಬಿದ್ದೋಗೈತೆ."

"ಬುಡೋದಾದ್ರೆ ಬುಡು, ತಪ್ಪೇನಿಲ್ಲ. ಆದ್ರೆ ಒಂದು ಹೇಳು. ನಿಂಗೆ ಬ್ಯಾಡಾಗಿರೋದು ಕೆಲ್ಸವೋ, ಅದನ್ನ ಮಾಡುಸ್ತಿರೋ ರೀತಿಯೋ?"

ಚಂದ್ರಿಕಾ ಅನ್ನ ಕಲೆಸುವುದನ್ನು ನಿಲ್ಲಿಸಿದಳು. ಹಾಗೆ ಅವಳನ್ನು ಯಾರೂ ಕೇಳಿರಲಿಲ್ಲ. ನಿನ್ನೆ ವಿಶಾಲಮ್ಮನ ತಣ್ಣನೆಯ ಕೈ ಹಿಡಿದಾಗ ತನಗಾದ ದಿಗಿಲು, ಇವತ್ತು ಅವರು ಕಾಫಿ ಕೇಳಿದಾಗ ಆದ ಹಿಗ್ಗು ನೆನಪಾಯಿತು. ತೂಕ ಬರೆಯುವ ಕುರ್ಚಿಯಲ್ಲಿ ಆ ಹಿಗ್ಗು ಎಲ್ಲಿ ಸಿಗುತ್ತದೆ?

"ಕೆಲ್ಸ ಬೇಕು ಸಿಸ್ಟರ್" ಎಂದಳು ನಿಧಾನವಾಗಿ. "ಒಬ್ಬಳೇ ಎತ್ತೋದು ಬ್ಯಾಡ. ಕೈಗೆ ಸರಿಹೋಗದ ಗ್ಲೌಸ್ ಬ್ಯಾಡ. ಐದ್ ವರ್ಷ ಆದ್ರೂ ಕೈಲಿ ಒಂದು ನೇಮಕಾತಿ ಪತ್ರ ಇಲ್ದಿರೋದು ಬ್ಯಾಡ."

"ಅದನ್ನ ಕೇಳ್ಬೇಕಾದ ಕಡೆ ಕೇಳಿದ್ದೀಯಾ?"

"ಇಲ್ಲ."

"ಮತ್ತೆ? ಕಾಮಾಲೆ ಲಸಿಕೆ ಹಾಕುಸ್ಕಂಡಿದ್ದೀಯಾ? ಹೆಪಟೈಟಿಸ್ ಬಿ ಅಂತಾರಲ್ಲ, ಮೂರು ಡೋಸು?"

"ಒಂದು ಆಗೈತೆ. ಆಮೇಲೆ ಯಾರೂ ಕರೀಲಿಲ್ಲ."

"ರಕ್ತ, ಸೂಜಿ ಮಧ್ಯೆ ಓಡಾಡೋರಿಗೆ ಅದು ಪೂರ್ತಿ ಆಗ್ಲೇಬೇಕು ಕಣೇ. ಸೂಜಿ ಚುಚ್ಚುದ್ರೆ ಸೋಪು ನೀರಲ್ಲಿ ತೊಳ್ದು ತಕ್ಷಣ ಹೇಳ್ಬೇಕು, ಮುಚ್ಚಿಡಬಾರ್ದು. ರೋಗೀನ ಇಬ್ರು ಸೇರಿ, ಕೆಳಗೆ ಹಾಸಿರೋ ಬಟ್ಟೆ ಹಿಡ್ದು ಸರಿಸ್ಬೇಕು, ಒಬ್ಬಳೇ ತಬ್ಬಿ ಎತ್ತೋದಲ್ಲ. ಇದು ಬೇಡೋದಲ್ಲ, ಕೆಲ್ಸ ಮಾಡೋರ ಹಕ್ಕು. ನಡಿ, ನಾನೂ ಬತ್ತೀನಿ."

ಮರುದಿನ ಚಂದ್ರಿಕಾ ಸೇರಿ ನಾಲ್ವರು ಅಸಿಸ್ಟೆಂಟರು, ಜೊತೆಗೆ ಸುಮಿತ್ರಮ್ಮ, ಆಸ್ಪತ್ರೆಯ ಮ್ಯಾನೇಜರ್ ಶ್ರೀನಾಥ್ ಅವರ ಕೋಣೆಗೆ ಹೋಗಿ ಬೇಕಾದದ್ದನ್ನೆಲ್ಲ ಹೇಳಿದರು. "ಇಷ್ಟು ವರ್ಷ ನಡ್ಕೊಂಡೇ ಬಂದಿದೆಯಲ್ಲಮ್ಮ" ಎಂದರು ಶ್ರೀನಾಥ್.

"ನಡ್ಕೊಂಡು ಬಂದಿದ್ದು ನಮ್ ಸೊಂಟದ ಮೇಲೆ ಸರ್" ಎಂದಳು ಚಂದ್ರಿಕಾ. "ಕೆಲ್ಸ ಕಲ್ತೋರು ಬುಟ್ಟೋದ್ರೆ ಹೊಸಬರಿಗೆ ಮತ್ತೆ ಮೊದಲಿಂದ ಕಲಿಸ್ಬೇಕು. ನಾವು ಇರ್ತೀವಿ ಅಂತ ಹೇಳೋಕೇ ಬಂದಿದ್ದೀವಿ. ಇರೋ ಹಂಗೆ ಮಾಡ್ಕೊಡಿ."

ಶ್ರೀನಾಥ್ ಪೆನ್ನು ತೆಗೆದುಕೊಂಡು ಒಂದೊಂದಾಗಿ ಬರೆದುಕೊಂಡರು. ಎರಡು ವಾರದಲ್ಲಿ ಎತ್ತುವುದಕ್ಕೆ ಇಬ್ಬರು ಇರಲೇಬೇಕೆಂಬ ನಿಯಮ ಬಂತು. ಮೂರು ಅಳತೆಯ ಗ್ಲೌಸ್ ಬಂತು. ಬಾಕಿ ಲಸಿಕೆಗೆ ತಾರೀಕು ನಿಗದಿಯಾಯಿತು. ನೇಮಕಾತಿ ಪತ್ರಕ್ಕೆ ಮಾತ್ರ ಇನ್ನೆರಡು ಸಲ ಹೋಗಿ ನಿಲ್ಲಬೇಕಾಯಿತು. ಅದೂ ಕೊನೆಗೆ ಕೈಗೆ ಬಂತು, ಪಿಎಫ್ ನಂಬರಿನ ಸಮೇತ.

ಇನ್ನು ಉಳಿದಿದ್ದು ಭೂತಮ್ಮ.

ಮಂಜುನಾಥರಿಗೆ ಉತ್ತರ ಹೇಳಬೇಕಾದ ತಿಂಗಳು ಇನ್ನೂ ಮುಗಿದಿರಲಿಲ್ಲ. ಒಂದು ದಿನ ಮಂಡಿ ನೋವು ತೋರಿಸಲು ಭೂತಮ್ಮ ಧರ್ಮನ ಜೊತೆ ಅದೇ ಆಸ್ಪತ್ರೆಗೆ ಬಂದಳು. ಒಳಗೆ ಬರುತ್ತಲೇ ಎದುರಿಗೆ ಸೊಸೆ ಕಂಡಳು. ಮತ್ತೆ ಡಾಕ್ಟರಿಗೆ ತೋರಿಸಲು ಬಂದಿದ್ದ ವಿಶಾಲಮ್ಮ ವಾಕರ್ ಹಿಡಿದು ನಡೆಯುತ್ತಿದ್ದರು. ಚಂದ್ರಿಕಾ ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದಳು.

"ಇವರು ನಮ್ಮತ್ತೆ" ಎಂದಳು ಚಂದ್ರಿಕಾ.

ವಿಶಾಲಮ್ಮ ಅಲ್ಲೇ ನಿಂತರು. "ಅಮ್ಮಯ್ಯ, ನೀನೇನಾ ಅತ್ತೆ? ಹೆತ್ತ ಮಗ ಪಕ್ಕದಲ್ಲೇ ಕೂತಿದ್ದ, ಅವುನ್ಗೆ ಗೊತ್ತಾಗ್ಲಿಲ್ಲ. ನನ್ ಉಚ್ಚೆ ನೋಡಿ ನನ್ ಜೀವ ಹೋಗ್ತೈತೆ ಅಂತ ಕಂಡಿದ್ದು ಇವ್ಳು. ಇಂಥ ಸೊಸೇನ ಪಡ್ಯೋಕೆ ಪುಣ್ಯ ಮಾಡಿದ್ದೀಯ ಕಣಮ್ಮ!"

ಭೂತಮ್ಮ ಸೆರಗು ಸರಿಮಾಡಿಕೊಂಡು ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದಳು. ಹೊಸಬಳನ್ನು ನೋಡುವ ಹಾಗೆ.

ಊರಿಗೆ ಮರಳಿದವಳು ಮನೆಗೆ ಹೋಗಲಿಲ್ಲ. ಕುಂಟಿಕೊಂಡೇ ನೆಟ್ಟಗೆ ಎಸ್ಟೇಟ್ ಸ್ಟೋರಿಗೆ ಹೋಗಿ ಮಂಜುನಾಥರ ಎದುರು ನಿಂತಳು.

"ಅಯ್ಯಾ, ತೂಕ ಬರ್ಯಾಕೆ ಬ್ಯಾರೆಯೋರ್ನ ನೋಡ್ಕಳಿ. ನಮ್ ಚಂದ್ರಿಕಾ ಬರಾಕಿಲ್ಲ. ಅವಳಿಗೆ ಆಸ್ಪತ್ರೆಲಿ ಜನ ಕಾಯ್ತಾವ್ರೆ."

ಹೊರಗೆ ಜೀಪಿನ ಹತ್ತಿರ ನಿಂತಿದ್ದ ಧರ್ಮ ಅದನ್ನು ಕೇಳಿ ಜೋರಾಗಿ ನಕ್ಕುಬಿಟ್ಟ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮಲ್ಲೂ ಎಷ್ಟೋ ಮಂದಿ ಆಸ್ಪತ್ರೆಗಳಲ್ಲಿ ರೋಗಿಗಳ ಆರೈಕೆ ಮಾಡುತ್ತಿದ್ದೀರಿ. ಬಿಡಲೋ, ಉಳಿಯಲೋ ಎಂಬ ಯೋಚನೆ ಬಂದಾಗ ಅವಸರ ಮಾಡಬೇಡಿ. ನಿಮಗೆ ಬೇಡವಾಗಿರುವುದು ಕೆಲಸವೋ, ಅದನ್ನು ಮಾಡಿಸುವ ರೀತಿಯೋ ಎಂದು ಮೊದಲು ಕೇಳಿಕೊಳ್ಳಿ. ಕೆಲಸವೇ ಒಗ್ಗದಿದ್ದರೆ ಬೇರೆ ದಾರಿ ಹಿಡಿಯಿರಿ, ಅದರಲ್ಲಿ ನಾಚಿಕೆಯಿಲ್ಲ. ರೀತಿ ಸರಿಯಿಲ್ಲದಿದ್ದರೆ ನಾಲ್ಕು ಜನ ಸೇರಿ ಕೇಳಿ: ಲಸಿಕೆ, ಗ್ಲೌಸ್, ಎತ್ತಲು ಜೊತೆಗೊಬ್ಬರು, ಕೈಯಲ್ಲೊಂದು ನೇಮಕಾತಿ ಪತ್ರ. ಮನೆಯವರೇ, ನಿಮ್ಮ ಮಗಳೋ ಸೊಸೆಯೋ ಈ ಕೆಲಸ ಮಾಡುತ್ತಿದ್ದರೆ ತಲೆ ಎತ್ತಿ ಹೇಳಿಕೊಳ್ಳಿ. ನಾಳೆ ನೀವೋ ನಾವೋ ಆ ಹಾಸಿಗೆ ಮೇಲೆ ಮಲಗಿದಾಗ, ನಮ್ಮ ಕೈ ತಣ್ಣಗಾಗಿದೆ ಎಂದು ಮೊದಲು ಕಂಡುಹಿಡಿಯುವುದು ಇವರೇ.