ಮಂಗಳಮ್ಮ ಬಿಟ್ಟ ಕಡ್ಡಿಪುಡಿ

"ಬೇಡ ಚಿಕ್ಕಜ್ಜಿ, ಹಾಕ್ಬೇಡಿ!" ಸಿಂಚನ ತಿಮ್ಮಮ್ಮನ ಕೈ ಹಿಡಿದುಬಿಟ್ಟಳು.

ಒಂಟಿಕೊಪ್ಪಲಿನ ಆ ಪುಟ್ಟ ಮನೆಯ ಹಜಾರದಲ್ಲಿ ಮಲಗಿಸಿದ್ದ ಮಂಗಳಮ್ಮನ ಬಾಯಿಗೆ ಇನ್ನೇನು ಎಲೆ, ಅಡಿಕೆ, ಒಂದು ಚಿಟಿಕೆ ಕಡ್ಡಿಪುಡಿ ಸೇರುವುದರಲ್ಲಿತ್ತು. ಸತ್ತವರಿಗೆ ಇಷ್ಟವಾದದ್ದನ್ನು ಕೊಟ್ಟು ಕಳಿಸುವುದು ಆ ಮನೆಯ ರೂಢಿ. ನಲವತ್ತು ವರ್ಷ ಊದುಬತ್ತಿ ಹೊಸೆದ ಅಕ್ಕನಿಗೆ ಹೊಗೆಸೊಪ್ಪಿನ ಆ ಪುಡಿಗಿಂತ ಇಷ್ಟವಾದದ್ದು ಇನ್ನೇನಿದ್ದೀತು ಎಂಬುದು ತಂಗಿ ತಿಮ್ಮಮ್ಮನ ಲೆಕ್ಕ.

"ಬುಡು ಕಣಮ್ಮ, ನಮ್ಮಕ್ಕ ಇದಿಲ್ದೆ ಎಂಗೆ ಹೋಗ್ತಾಳೆ?"

"ಅಜ್ಜಿ ಬಿಟ್ಬಿಟ್ಟಿದ್ರು. ಎಂಟು ತಿಂಗಳಾಯ್ತು."

ಅಳುತ್ತಿದ್ದವರೆಲ್ಲ ಅಳು ನಿಲ್ಲಿಸಿ ನೋಡಿದರು. "ಯಾಕೆ?" ಎಂದ ಅಪ್ಪ ಕುಮಾರ್. ಹೇಳದಿದ್ದರೆ ಅಜ್ಜಿಯ ಬಾಯಿಗೆ ಪುಡಿ ಬೀಳುತ್ತದೆ. ಹೇಳಿದರೆ ತನ್ನ ಬಣ್ಣ ಬಯಲಾಗುತ್ತದೆ. ಸಿಂಚನ ತಿಮ್ಮಮ್ಮನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

*

ಒಗೆಯಲೆಂದು ಮೊಮ್ಮಗಳ ಜೀನ್ಸಿನ ಜೇಬು ತಡಕಿದ ಮಂಗಳಮ್ಮನಿಗೆ ಎಂಟು ತಿಂಗಳ ಹಿಂದೆ ಗುಳಿಗೆಯ ಪಟ್ಟಿ ಸಿಕ್ಕಿತ್ತು. ಗಿಡಮೂಲಿಕೆಯೆಂದು ಚೀಟಿ ಹಚ್ಚಿದ ಅಮಲಿನ ಸರಕು.

"ಅಂಗಡೀಲೇ ಬಿಲ್ ಹಾಕಿ ಕೊಡ್ತಾರೆ ಅಜ್ಜಿ. ಪೊಲೀಸರೂ ಏನೂ ಅನ್ನಲ್ಲ," ಎಂದು ಸಿಂಚನ ವಾದಿಸಿದ್ದಳು. ಆಮೇಲೆ ಅತ್ತುಬಿಟ್ಟಿದ್ದಳು. "ಡಿಗ್ರಿ ಮುಗಿದು ವರ್ಷ ಆಯ್ತು. ಹೋದ ಇಂಟರ್‌ವ್ಯೂ ಎಲ್ಲ ಫೇಲು. ಫ್ರೆಂಡ್ಸ್ ಜೊತೆ ಇದನ್ನ ತಗೊಂಡ್ರೆ ಎರಡು ಗಂಟೆ ಯಾರೂ ಏನೂ ಕೇಳಲ್ಲ. ಎಲ್ರೂ ನಗ್ತಾರೆ, ನಾನೂ ನಗ್ತೀನಿ."

ಅಜ್ಜಿ ಬೈಯಲಿಲ್ಲ. ಸೊಂಟದಿಂದ ಕಡ್ಡಿಪುಡಿಯ ಡಬ್ಬಿ ತೆಗೆದರು.

"ನಂಗೂ ಇಂಗೇ ಕಣವ್ವ. ಬತ್ತಿ ಹೊಸ್ದು ಹೊಸ್ದು ಬೆನ್ನು ಬಿದ್ದೋಗೋದು. ಸುತ್ತ ಕೂತೋರೆಲ್ಲ ಹಾಕ್ಕಂಡು ನಗೋರು. ನಾನೊಬ್ಳೇ ಎಂಗೆ ಸುಮ್ನೆ ಕೂರ್ಲಿ? ಇದನ್ನೂ ಅಂಗಡೀಲೇ ಮಾರೋದು."

ಡಬ್ಬಿ, ಪಟ್ಟಿ ಎರಡನ್ನೂ ತಾವೇ ಕಸದ ಗಾಡಿಗೆ ಹಾಕಿ ಬಂದರು. "ನೀನು ಮುಟ್ಟುದ್ರೆ ನಾನೂ ಮುಟ್ತೀನಿ, ನೋಡ್ಕೊ."

ಎಂಥ ಹಠಮಾರಿ ಮುದುಕಿ! ಹದಿನೈದು ದಿನ ತಲೆನೋವೆಂದು ಮುಲುಗಿದರೂ ಸೋಲಲಿಲ್ಲ. ಪುಡಿ ಬಿಟ್ಟದ್ದೇಕೆಂದು ಯಾರಾದರೂ ಕೇಳಿದರೆ ಮೊಮ್ಮಗಳ ಗುಟ್ಟು ಹೊರಬಿದ್ದೀತೆಂದು ಬರೀ ಎಲೆ ಅಡಿಕೆ ಜಗಿಯುತ್ತ ಎಂಟು ತಿಂಗಳು ಕಳೆದಿದ್ದರು.

*

ಸಿಂಚನ ಎಲ್ಲವನ್ನೂ ಹೇಳಿದಳು.

"ನಂಗ್ಯಾಕಮ್ಮ ಹೇಳ್ಲಿಲ್ಲ?" ಎಂದ ಕುಮಾರ್.

"ನೀವು ದಿನಾ ಕೆಲಸ ಸಿಕ್ತಾ ಅಂತ ಮಾತ್ರ ಕೇಳ್ತಿದ್ರಿ ಅಪ್ಪ."

ಅವನು ಮಗಳನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡ.

ತಿಮ್ಮಮ್ಮ ಮೆಲ್ಲಗೆ ಎದ್ದು ಬಚ್ಚಲಿಗೆ ಹೋದರು. ಅವರು ತಮ್ಮ ದವಡೆಯಲ್ಲಿದ್ದ ಕಡ್ಡಿಪುಡಿ ಉಗಿದು, ಮತ್ತೆ ಮತ್ತೆ ಮುಕ್ಕಳಿಸುವ ಸದ್ದು ಹಜಾರಕ್ಕೆಲ್ಲ ಕೇಳಿಸಿತು. ಒದ್ದೆ ಸೆರಗಿನಲ್ಲೇ ಬಂದು ಅಕ್ಕನ ಬಾಯಿಗೆ ಅಕ್ಕಿಕಾಳು ಹಾಕಿದರು. ಆಮೇಲೆ ಸಿಂಚನಳ ಎದುರು ಕುಕ್ಕರಿಸಿ ಕೂತು, ತಮ್ಮ ಬೊಚ್ಚುಬಾಯನ್ನು ಅಗಲವಾಗಿ ತೆರೆದು ತೋರಿಸಿದರು.

"ನೋಡವ್ವ, ಏನಾರ ಅದಾ?"